ಪುರಸಭೆ ಮಾಡಿದ ಗೊಬ್ಬರ

ನಾನಿದ್ದ ಊರಿನ ಹೆಸರು ಬೇಡ. ಮಂಡ್ಯದಿಂದ ಮದ್ದೂರಿಗೋ ಮದ್ದೂರಿನಿಂದ ಮಳವಳ್ಳಿಗೋ ಬಸ್ಸು ಹಿಡಿದವರಲ್ಲಿ ಕೆಲವರು ಅದನ್ನು ದಾಟಿಕೊಂಡು ಹೋಗುತ್ತಿದ್ದರು. ಅಲ್ಲಿ ಇಳಿಯುವವರು ಕಡಿಮೆ. ಆದರೂ ಊರಿಗೊಂದು ಪುರಸಭೆ ಇತ್ತು, ಪುರಸಭೆಗೊಂದು ಹೆಂಚಿನ ಕಟ್ಟಡ, ಕಟ್ಟಡದೊಳಗೊಂದು ಸಭಾಂಗಣ, ಸಭಾಂಗಣದ ಮೂಲೆಯಲ್ಲಿ ನನಗೊಂದು ಕುರ್ಚಿ. ಎಪ್ಪತ್ತರ ದಶಕದ ಐದಾರು ವರ್ಷ ಆ ಕುರ್ಚಿಯಿಂದ ಮೈಸೂರಿನ ಒಂದು ಪತ್ರಿಕೆಗೆ ವರದಿ ಕಳಿಸುತ್ತಿದ್ದೆ. ನನಗೆ ಕೆಲಸ ಕಲಿಸಿದ ಹಿರಿಯ ಉಪಸಂಪಾದಕರ ನಿಯಮ ಒಂದೇ: ನೋಡಿದ್ದನ್ನು ಬರೆ, ಕೇಳಿದ್ದನ್ನು ಬರೆ, ಅಂದುಕೊಂಡದ್ದನ್ನು ಬರೆಯಬೇಡ. ಈ ನಿಯಮವನ್ನು ತಪ್ಪದೆ ಪಾಲಿಸಿದರೆ ಏನಾಗಬಹುದು ಎಂಬುದನ್ನು ಅವರು ಹೇಳಿಕೊಟ್ಟಿರಲಿಲ್ಲ.

ಒಂದು ವರ್ಷ ರಸಗೊಬ್ಬರಕ್ಕೆ ಅಭಾವ ಬಂತು. ಸೊಸೈಟಿಯ ಮುಂದೆ ಯೂರಿಯಾಕ್ಕೆ ಚೀಟಿ ಹಿಡಿದವರ ಸಾಲು ಬಸ್ ನಿಲ್ದಾಣದವರೆಗೆ ಬರುತ್ತಿತ್ತು. ಚೀಟಿ ಸಿಕ್ಕವರಿಗೆ ಮೂಟೆ ಸಿಗುತ್ತಿರಲಿಲ್ಲ; ಮೂಟೆ ಸಿಕ್ಕವರನ್ನು ಸಾಲಿನಲ್ಲಿ ಯಾರೂ ಕಂಡಿರಲಿಲ್ಲ. ಆಗ ಮೇಲಿನಿಂದ ಪುರಸಭೆಗೆ ಮೂರು ಪುಟದ ಸುತ್ತೋಲೆ ಬಂತು. ಪಟ್ಟಣಗಳು ತಮ್ಮ ಕಸವನ್ನು ವ್ಯರ್ಥ ಮಾಡದೆ ವೈಜ್ಞಾನಿಕವಾಗಿ ಕಾಂಪೋಸ್ಟ್ ಗೊಬ್ಬರ ತಯಾರಿಸಬೇಕು, ಅದನ್ನು ರೈತರಿಗೆ ಹಂಚಬೇಕು, ಪಟ್ಟಣದೊಳಗೆ ಅಲ್ಲಲ್ಲಿ ಬಿದ್ದಿರುವ ಕೊಳೆಯ ರಾಶಿಗಳನ್ನು ತೆರವುಗೊಳಿಸಬೇಕು. ಪರಿಸರ ಎಂಬ ಪದ ನಮ್ಮ ಸಭಾಂಗಣದಲ್ಲಿ ಕೇಳಿಬಂದದ್ದು ಅದೇ ಮೊದಲು. ಸದಸ್ಯರು ಅದನ್ನು ಗೌರವದಿಂದ ಕೇಳಿಸಿಕೊಂಡು ಕಾಫಿ ಕುಡಿದರು.

ಚರ್ಚೆ ನಡೆದದ್ದು ಕಾಂಪೋಸ್ಟ್ ಕೇಂದ್ರದ ಬೋರ್ಡನ್ನು ಯಾವ ಕಡೆಗೆ ಮುಖ ಮಾಡಿ ನಿಲ್ಲಿಸಬೇಕು ಎಂಬ ಬಗ್ಗೆ. ರಸ್ತೆಗೆ ಮುಖ ಮಾಡಿದರೆ ಬಸ್ಸಿನಲ್ಲಿ ಹೋಗುವವರು ನೋಡುತ್ತಾರೆ, ಊರಿಗೆ ಮುಖ ಮಾಡಿದರೆ ಓಟು ಹಾಕುವವರು ನೋಡುತ್ತಾರೆ. ಕೊನೆಗೆ ಎರಡು ಬೋರ್ಡು ಮಂಜೂರಾದವು. ಕೆರೆಯ ಹಿಂದಿನ ಖರಾಬು ಜಾಗದಲ್ಲಿ ಮೊದಲು ಬೋರ್ಡುಗಳು ನಿಂತವು, ಆಮೇಲೆ ಎರಡು ಗುಂಡಿ ತೋಡಿಸಿದರು.

ಗುಂಡಿಗೆ ಹಾಕಲು ಕಸ ಇರಲಿಲ್ಲ.

ಇದನ್ನು ಈಗಿನವರು ನಂಬುವುದು ಕಷ್ಟ. ನಮ್ಮ ಊರಲ್ಲಿ ಆಗ ಕಸ ಎಂದು ಎಸೆಯುವ ವಸ್ತುವೇ ಕಡಿಮೆ. ತರಕಾರಿ ಸಿಪ್ಪೆ ಎಮ್ಮೆಗೆ, ಹೋಟೆಲಿನ ಎಂಜಲೆಲೆ ಬೀದಿ ದನಕ್ಕೆ, ಹಳೆಯ ಪೇಪರು (ನನ್ನ ವರದಿಗಳೂ ಸೇರಿ) ಕಡಲೆಕಾಯಿ ಕಟ್ಟುವ ಅಂಗಡಿಗೆ. ಸಗಣಿ, ಒಲೆಯ ಬೂದಿ, ಕೊಟ್ಟಿಗೆಯ ಕಸ ಎಲ್ಲ ತಿಪ್ಪೆಗೆ. ಪಟ್ಟಣ ಎನಿಸಿಕೊಂಡಿದ್ದರೂ ಊರಿನ ಅರ್ಧ ಮನೆಗಳು ಬೇಸಾಯದವು, ಮನೆಗೊಂದು ತಿಪ್ಪೆ ಬೀದಿಯ ತಿರುವಿನಲ್ಲೋ ಹಿತ್ತಲ ಪಕ್ಕದಲ್ಲೋ ತಲೆಮಾರಿನಿಂದ ಇದ್ದೇ ಇತ್ತು. ಸುತ್ತೋಲೆ ಮಾಡಿ ಎಂದದ್ದನ್ನೇ ಊರು ಸುತ್ತೋಲೆ ಇಲ್ಲದೆ ಮಾಡಿಕೊಂಡು ಬಂದಿತ್ತು. ಪುರಸಭೆಯ ಎರಡು ಎತ್ತಿನ ಗಾಡಿಗಳು ವಾರವೆಲ್ಲ ತಿರುಗಿ ತಂದದ್ದು ಚರಂಡಿಯ ಮಣ್ಣು, ಒಡೆದ ಮಡಕೆ, ಸವೆದ ಪೊರಕೆ, ಸಿನಿಮಾ ಪೋಸ್ಟರಿನ ಚೂರು. ಇದರಿಂದ ಗೊಬ್ಬರ ಮಾಡಲು ವಿಜ್ಞಾನ ಇನ್ನೂ ಸ್ವಲ್ಪ ಮುಂದುವರಿಯಬೇಕಿತ್ತು. ಒಂದು ಗುಂಡಿಯಲ್ಲಿ ನಾಯಿ ಮರಿ ಹಾಕಿತು.

ಸುತ್ತೋಲೆಯ ಕೊನೆಯ ಸಾಲನ್ನು ಜಾರಿ ಮಾಡುವುದು ಮಾತ್ರ ಸುಲಭವಾಗಿ ಕಂಡಿತು. ಪುರಸಭೆಯ ಆರೋಗ್ಯ ನಿರೀಕ್ಷಕರು ಬೀದಿ ಬೀದಿ ತಿರುಗಿ ತಿಪ್ಪೆಗಳ ಪಟ್ಟಿ ಮಾಡಿದರು. ತಿಪ್ಪೆ ಎಂದು ಬರೆಯಲು ಕಾನೂನಿನಲ್ಲಿ ಅವಕಾಶ ಇರಲಿಲ್ಲವಂತೆ. 'ಅನಧಿಕೃತ ಶೇಖರಣೆ' ಎಂದು ಬರೆದರು. ಏಳು ದಿನದೊಳಗೆ ತೆರವು ಮಾಡತಕ್ಕದ್ದು ಎಂಬ ನೋಟೀಸು ನಾನು ಬಾಡಿಗೆಗಿದ್ದ ಮನೆಗೂ ಬಂತು.

ಮನೆಯೊಡತಿ ಅರವತ್ತು ದಾಟಿದ ಹೆಂಗಸು, ಗಂಡ ತೀರಿಕೊಂಡು ವರ್ಷಗಳಾಗಿದ್ದವು. ಇದ್ದ ಒಬ್ಬಳು ಮಗಳನ್ನು ಮದ್ದೂರಿನ ಹತ್ತಿರದ ವೈದ್ಯನಾಥಪುರಕ್ಕೆ ಕೊಟ್ಟಿದ್ದಳು. ನಾನು ಅವಳನ್ನು ಅವ್ವ ಎನ್ನುತ್ತಿದ್ದೆ. ಅವಳು ನನ್ನನ್ನು ಪೇಪರಪ್ಪ ಎನ್ನುತ್ತಿದ್ದಳು. ಎರಡು ಎಮ್ಮೆ, ನಾಲೆ ಬಯಲಿನಲ್ಲಿ ಇಪ್ಪತ್ತು ಗುಂಟೆ ಗದ್ದೆ, ಮನೆಯ ಎದುರಿನ ತಿರುವಿನಲ್ಲಿ ಒಂದು ತಿಪ್ಪೆ ಅವಳ ಆಸ್ತಿ. ಗದ್ದೆಯ ಖಾತೆ ಇನ್ನೂ ಸತ್ತ ಗಂಡನ ಹೆಸರಿನಲ್ಲೇ ಇದ್ದದ್ದರಿಂದ ಸೊಸೈಟಿಯವರು ಯೂರಿಯಾ ಚೀಟಿ ಕೊಡುತ್ತಿರಲಿಲ್ಲ. ಗಂಡನೇ ಬಂದು ಸಹಿ ಹಾಕಬೇಕು ಎನ್ನುವಂತಿತ್ತು ಅವರ ಮಾತು. ಹಾಗಾಗಿ ಆ ಸಲದ ನಾಟಿಗೆ ಅವ್ವನಿಗಿದ್ದದ್ದು ಆ ತಿಪ್ಪೆಯೊಂದೇ. ನಾಲೆಗೆ ನೀರು ಬರುವ ಮೊದಲು ಅದು ಗದ್ದೆಯಲ್ಲಿ ಹರಡಿರಬೇಕು. ಇಲ್ಲದಿದ್ದರೆ ವರ್ಷದ ಊಟಕ್ಕೆ ಕಲ್ಲು.

ಆ ತಿಪ್ಪೆ ಸಾಧಾರಣದ್ದಲ್ಲ. ಮಳವಳ್ಳಿಯಾಚೆ ಅವ್ವನ ತಮ್ಮನ ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಿದ್ದರು. ಬೆಳೆ ಎದ್ದಾಗಲೆಲ್ಲ ಅವ್ವ ಬಸ್ಸಿನಲ್ಲಿ ಹೋಗಿ ಎರಡು ಚೀಲ ಹುಳದ ಹಿಕ್ಕೆ ತರುತ್ತಿದ್ದಳು. ಸಾಸಿವೆಗಿಂತ ದಪ್ಪನೆಯ ಕಪ್ಪು ಕಾಳುಗಳು. ಬಸ್ಸಿನ ಮೇಲೆ ಹಾಕಲು ಕಂಡಕ್ಟರ್ ಒಪ್ಪುತ್ತಿರಲಿಲ್ಲ, ಅವ್ವ ಇಳಿಯಲು ಒಪ್ಪುತ್ತಿರಲಿಲ್ಲ, ಕೊನೆಗೆ ಚೀಲಗಳೇ ಗೆಲ್ಲುತ್ತಿದ್ದವು. ಅದನ್ನು ತಿಪ್ಪೆಗೆ ಪದರ ಪದರವಾಗಿ ಹಾಕಿ ಮೇಲೆ ಬೂದಿ ಎರಚುತ್ತಿದ್ದಳು. ಆಗಾಗ ಒಂದು ಕೋಲು ಚುಚ್ಚಿ ತೆಗೆದು, ಅದರ ತುದಿ ಮೂಸಿ, ಇನ್ನೆಷ್ಟು ವಾರ ಬೇಕು ಎಂದು ನನಗೆ ಹೇಳುತ್ತಿದ್ದಳು. ನಾನೇನೂ ಅದನ್ನು ಕೇಳಿರುತ್ತಿರಲಿಲ್ಲ.

ನೋಟೀಸನ್ನು ಓದಿ ಹೇಳಿದೆ. ಅವ್ವ ತಿಪ್ಪೆಯ ಕಡೆ ನೋಡಿದಳು, ನೋಟೀಸಿನ ಕಡೆ ನೋಡಿದಳು.

"ಇದ್ಯಾವ್ದಪ್ಪ ಸೇಖರಣೆ? ನಾವೇನು ಅಕ್ಕಿ ಬಚ್ಚಿಟ್ಟಿದ್ದೀವಾ?"

ಮಾರನೆಯ ದಿನ ಆರೋಗ್ಯ ನಿರೀಕ್ಷಕರನ್ನು ಬೀದಿಯಲ್ಲೇ ತಡೆದು ನಿಲ್ಲಿಸಿದಳು. ಗೊಬ್ಬರ ಇನ್ನೂ ಕಳಿತಿಲ್ಲ, ನಾಲೆಗೆ ನೀರು ಬಿಡುವ ವಾರಕ್ಕೆ ಮುಂಚೆ ತಾನೇ ಗಾಡಿಯಲ್ಲಿ ಗದ್ದೆಗೆ ಹೊಡೆಸಿಕೊಳ್ಳುತ್ತೇನೆ, ಅಲ್ಲಿಯವರೆಗೆ ಮುಟ್ಟಬಾರದು ಎಂದಳು. ಅವರು ಒಳ್ಳೆಯವರು, ಯಾರು ಏನು ಕೇಳಿದರೂ ಇಲ್ಲ ಎನ್ನುತ್ತಿರಲಿಲ್ಲ. ಆಗಲಿ ಎಂದರು. ಅದನ್ನು ಎಲ್ಲೂ ಬರೆದುಕೊಳ್ಳಲಿಲ್ಲ.

ಅಷ್ಟರಲ್ಲಿ ಬೆಂಗಳೂರಿನಿಂದ ಒಬ್ಬ ದೊಡ್ಡ ಅಧಿಕಾರಿ ಕಾಂಪೋಸ್ಟ್ ಕೇಂದ್ರಗಳನ್ನು ನೋಡಲು ಬರುತ್ತಾರೆ ಎಂಬ ಸುದ್ದಿ ಬಂತು. ನಮ್ಮ ಪುರಸಭೆ ಆಗಲೇ ಎರಡು ಮಾಸಿಕ ವರದಿಗಳಲ್ಲಿ 'ಪ್ರಗತಿ ತೃಪ್ತಿಕರ' ಎಂದು ಬರೆದು ಕಳಿಸಿಬಿಟ್ಟಿತ್ತು. ತೋರಿಸಲು ಇದ್ದದ್ದು ನಾಯಿಮರಿಗಳು.

ಆ ವಾರ ಅವ್ವ ಮಗಳ ಹೆರಿಗೆಗೆಂದು ವೈದ್ಯನಾಥಪುರಕ್ಕೆ ಹೋಗಿದ್ದಳು. ಒಂದು ಬೆಳಗ್ಗೆ ನಾನು ಜಗುಲಿಯ ಮೇಲೆ ಕೂತು ಪೇಪರು ಓದುತ್ತಿದ್ದಾಗ ಪುರಸಭೆಯ ಎರಡೂ ಗಾಡಿಗಳು ಬಂದು ತಿಪ್ಪೆಯ ಮುಂದೆ ನಿಂತವು. ಗಾಡಿಯವರಿಬ್ಬರೂ ಮಂಕರಿಗೆ ತುಂಬಿ ತುಂಬಿ ಗಾಡಿಗೆ ಸುರಿಯತೊಡಗಿದರು. ಏನಿದು ಎಂದು ಕೇಳಿದೆ. ಅವ್ವನಿಗೆ ಹೇಳಿದ್ದಾರಂತೆ ಎಂದ ಒಬ್ಬ. ಮಧ್ಯಾಹ್ನದ ಹೊತ್ತಿಗೆ ತಿಪ್ಪೆ ಇದ್ದ ಕಡೆ ಗುಡಿಸಿ ಸುಣ್ಣದ ಪುಡಿ ಹಾಕಿದ್ದರು. ನಾನು ಅಭ್ಯಾಸಬಲದಿಂದ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ: ಆರು ಗಾಡಿ.

ಅಧಿಕಾರಿ ಎರಡು ದಿನ ಬಿಟ್ಟು ಬಂದರು. ಗುಂಡಿಗಳ ಅಂಚಿಗೆ ಸುಣ್ಣ ಬಳಿದಿತ್ತು, ಎರಡೂ ಬೋರ್ಡಿಗೆ ಬಾಳೆಕಂದು ಕಟ್ಟಿತ್ತು. ಕರವಸ್ತ್ರವನ್ನು ಮೂಗಿನ ಹತ್ತಿರ ಸಿದ್ಧವಾಗಿಟ್ಟುಕೊಂಡೇ ಅವರು ಜೀಪಿನಿಂದ ಇಳಿದರು. ವಾಸನೆ ಇಲ್ಲದ್ದು ಕಂಡು ಆಶ್ಚರ್ಯಪಟ್ಟು ಕರವಸ್ತ್ರ ಜೇಬಿಗಿಟ್ಟರು. ಬಗ್ಗಿ ಒಂದು ಹಿಡಿ ಗೊಬ್ಬರ ಎತ್ತಿ ಅಂಗೈಯಲ್ಲಿ ಹರಡಿ, ಈ ಕಪ್ಪು ಕಾಳು ಏನು ಎಂದು ಕೇಳಿದರು.

"ಕಸ ವೈಜ್ಞಾನಿಕವಾಗಿ ಕೊಳೆತ್ರೆ ಹಾಗೆ ಕಾಳುಕಾಳಾಗುತ್ತೆ ಸಾರ್" ಎಂದರು ಆರೋಗ್ಯ ನಿರೀಕ್ಷಕರು.

ಅಧಿಕಾರಿ ಅದನ್ನು ತಮ್ಮ ಪುಸ್ತಕದಲ್ಲಿ ಬರೆದುಕೊಂಡರು. ನನ್ನ ಪಕ್ಕದಲ್ಲಿದ್ದ ಒಬ್ಬ ಸದಸ್ಯರಿಗೆ ಕೆಮ್ಮು ಬಂತು. ರಾಜ್ಯದಲ್ಲಿ ಇಂಥ ಗೊಬ್ಬರವನ್ನು ತಾವು ಎಲ್ಲೂ ನೋಡಿಲ್ಲ ಎಂದು ಅಧಿಕಾರಿ ಹೇಳಿದರು. ಅದು ಅಕ್ಷರಶಃ ನಿಜವಾಗಿತ್ತು.

ನನಗೆ ಗೊತ್ತಿತ್ತು. ಗೊತ್ತಿದ್ದದ್ದು ಬೇರೆ, ಹೇಳಲ್ಪಟ್ಟದ್ದು ಬೇರೆ. ಅಲ್ಲಿ ಯಾರೂ ತಿಪ್ಪೆಯ ಮಾತೆತ್ತಲಿಲ್ಲ. ಅವ್ವನಿಗೆ ಹೇಳಿದ್ದಾರೆ ಎಂದು ಗಾಡಿಯವನು ಹೇಳಿದ್ದ. ಅವಳು ಒಪ್ಪಿ ಕೊಟ್ಟಿರಲೂಬಹುದು ಎಂದು ನನಗೆ ನಾನೇ ಅಂದುಕೊಂಡೆ. ಅಂದುಕೊಂಡದ್ದನ್ನು ಬರೆಯುವಂತಿರಲಿಲ್ಲ, ಬರೆಯಲಿಲ್ಲ. 'ಪುರಸಭೆ ತಯಾರಿಸಿದ ಕಾಂಪೋಸ್ಟ್ ಗೊಬ್ಬರದ ಗುಣಮಟ್ಟಕ್ಕೆ ಹಿರಿಯ ಅಧಿಕಾರಿಗಳ ಮೆಚ್ಚುಗೆ' ಎಂದು ಹತ್ತು ಸಾಲು ಕಳಿಸಿದೆ. ಪತ್ರಿಕೆ ಅದನ್ನು ಒಂದು ಅಕ್ಷರ ತಿದ್ದದೆ ಹಾಕಿತು. ಪುರಸಭೆ ಅದನ್ನು ಕತ್ತರಿಸಿ ಫೈಲಿಗೆ ಅಂಟಿಸಿಕೊಂಡಿತು.

ಅವ್ವ ಊರಿಂದ ಬಂದವಳು ಕೈಚೀಲ ಕೆಳಗಿಡದೆ ತಿರುವಿನಲ್ಲಿ ನಿಂತಳು. ನಿಂತ ಕಡೆಯಿಂದಲೇ ಕೇಳಿದಳು.

"ನೀನ್ ಮನೇಲೇ ಇದ್ದಾ?"

"ಇದ್ದೆ ಅವ್ವ."

"ನೋಡ್ದಾ?"

"ನೋಡಿದೆ."

"ನೋಡ್ಕೊಂಡು ಏನ್ ಮಾಡ್ದೆ?"

"ಎಣಿಸಿದೆ. ಆರು ಗಾಡಿ."

"ಎಣ್ಸೋಕಾ ನಿಂಗೆ ಸಂಬ್ಳ ಕೊಡೋದು?" ಎಂದಳು.

ಕೆರೆಯ ಹಿಂದಕ್ಕೆ ಹೋಗಿ ಗುಂಡಿಗಳನ್ನು ನೋಡಿದಳು. ಅಲ್ಲಿಂದ ಸೆರಗಿನಲ್ಲಿ ಒಂದು ಬೊಗಸೆ ಗೊಬ್ಬರ ಕಟ್ಟಿಕೊಂಡು ನೇರವಾಗಿ ಪುರಸಭೆಗೆ ನಡೆದಳು. ನಾನೂ ಹಿಂದೆ ಹೋದೆ. ಅಧ್ಯಕ್ಷರು ಅವ್ವನ ಗಂಡನ ಕಡೆಯಿಂದ ದೂರದ ಸಂಬಂಧಿ, ವರಸೆಯಲ್ಲಿ ಮಗ. ಚಡ್ಡಿ ಹಾಕದ ಕಾಲದಿಂದ ಅವರನ್ನು ನೋಡಿದ್ದ ಅವ್ವ ಬಾಗಿಲಿನ ಜವಾನನನ್ನು ಗಮನಿಸಲಿಲ್ಲ. ಸೆರಗು ಬಿಚ್ಚಿ ಗೊಬ್ಬರವನ್ನು ಮೇಜಿನ ಮೇಲಿದ್ದ ನಡವಳಿ ಪುಸ್ತಕದ ಮೇಲೆ ಸುರಿದಳು.

"ನೋಡ್ಲಾ ಇದ. ಹುಳದ್ ಹಿಕ್ಕೆ. ಈ ಊರಲ್ಲಿ ರೇಸ್ಮೆ ಹುಳ ಸಾಕೋರು ಯಾರವ್ರೆ, ಒಂದ್ ಮನೆ ತೋರ್ಸು."

ಅಧ್ಯಕ್ಷರು ಮೊದಲು ಪುಸ್ತಕವನ್ನು ಓರೆ ಮಾಡಿ ಗೊಬ್ಬರವನ್ನು ಕಾಗದದ ಬುಟ್ಟಿಗೆ ಕೊಡವಿದರು. ಆಮೇಲೆ ಫೈಲು ತೆಗೆದು ಅಂಟಿಸಿದ್ದ ತುಂಡನ್ನು ತೋರಿಸಿದರು.

"ದೊಡ್ಡವ್ವ, ಪುರಸಭೆ ಗೊಬ್ರ ಅಂತ ಪೇಪರ್ನಲ್ಲೇ ಬಂದದೆ. ಬರ್ದಿರೋರು ಯಾರೋ ಅಲ್ಲ, ನಿನ್ ಮನೇಲಿರೋರೇ."

"ಅಂಗಾರೆ ನಾನ್ ಸುಳ್ಳೇಳ್ತಿದ್ದೀನಾ?"

"ನೀನ್ ಸುಳ್ಳೇಳ್ತೀಯ ಅಂತ ಯಾರಂದ್ರು? ನಿಂದು ಮಾತು. ಇದು ರೆಕಾರ್ಡು."

ಅವ್ವ ತಿರುಗಿ ನನ್ನ ಕಡೆ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಗೊಬ್ಬರವನ್ನು ರೈತರಿಗೆ ಹಂಚುವ ವ್ಯವಸ್ಥೆ ಇದೆ, ಅರ್ಜಿ ಹಾಕಿಕೊಂಡರೆ ಪರಿಶೀಲಿಸಲಾಗುವುದು ಎಂದರು ಅಧ್ಯಕ್ಷರು. ಅರ್ಜಿ ನಾನೇ ಬರೆದುಕೊಟ್ಟೆ. ತನ್ನ ತಿಪ್ಪೆಯಲ್ಲಿ ಸ್ವಲ್ಪ ತನಗೆ ದಯಪಾಲಿಸಬೇಕೆಂದು ಒಬ್ಬ ಹೆಂಗಸು ಘನ ಪುರಸಭೆಯನ್ನು ಕೇಳಿಕೊಳ್ಳುವ ಅರ್ಜಿಯ ಒಕ್ಕಣೆ ಸುಲಭದ್ದಲ್ಲ. ಖಾತೆಯ ನಕಲು ಲಗತ್ತಿಸಿಲ್ಲ ಎಂದು ಅರ್ಜಿ ಮೂರನೇ ದಿನ ವಾಪಸು ಬಂತು. ಖಾತೆ ಯಾರ ಹೆಸರಿನಲ್ಲಿತ್ತು ಎಂದು ಹೇಳಿದ್ದೇನೆ.

ನಾನು ಪತ್ರಿಕೆಗೂ ಬರೆದೆ, ನನ್ನ ವರದಿಗೊಂದು ತಿದ್ದುಪಡಿ ಹಾಕಬೇಕೆಂದು. ಉಪಸಂಪಾದಕರಿಂದ ಕಾರ್ಡು ಬಂತು: ವರದಿಯಲ್ಲಿ ತಪ್ಪೇನಿದೆ, ಅಧಿಕಾರಿ ಮೆಚ್ಚಿದ್ದು ಸುಳ್ಳೇ, ಗೊಬ್ಬರ ಬೇರೆಯವರದೆಂದು ಸಭೆಯಲ್ಲಿ ಯಾರಾದರೂ ಹೇಳಿದ್ದಾರೆಯೇ, ಹೇಳಿದರೆ ಕಳಿಸಿ. ತಾವು ಕಲಿಸಿದ ಪಾಠವನ್ನು ಅವರು ಮರೆತಿರಲಿಲ್ಲ.

ಇತ್ತ ಗದ್ದೆ ಬಯಲಿನಲ್ಲಿ ಎಲ್ಲರ ಗೊಬ್ಬರ ಗುಡ್ಡೆಗಳೂ ಬಿದ್ದಿದ್ದವು. ಅವ್ವನ ಇಪ್ಪತ್ತು ಗುಂಟೆ ಬೋಳಾಗಿತ್ತು. ನಾಲೆಗೆ ನೀರು ಬಿಡಲು ಇನ್ನು ಹತ್ತು ದಿನ ಎಂದು ನೀರು ತಿರುಗಿಸುವ ಸೌಡಿ ಹೇಳಿಹೋದ. ಅವ್ವ ನಾಟಿಯ ಸಸಿಗೆ ಒಟ್ಲು ಹಾಕಿದ್ದಳು, ಪೈರು ಬೆರಳುದ್ದ ಎದ್ದಿತ್ತು. ದಿನಾ ಹೋಗಿ ಪೈರು ನೋಡಿ, ಬರುವಾಗ ಕೆರೆಯ ಹಿಂದಿನಿಂದ ಬರುತ್ತಿದ್ದಳು. ಗುಂಡಿಯ ದಡದಲ್ಲಿ ಕಾವಲಿಗೆ ಒಬ್ಬನನ್ನು ಹಾಕಿದ್ದರು. ಗೊಬ್ಬರ ಸಾರ್ವಜನಿಕ ಆಸ್ತಿಯಾಗಿತ್ತಲ್ಲ.

ಅವ್ವನನ್ನು ಕಾಪಾಡಿದ್ದು ನ್ಯಾಯವಲ್ಲ, ಹೊಗಳಿಕೆ.

ಬೆಂಗಳೂರಿನ ಅಧಿಕಾರಿಯಿಂದ ಪುರಸಭೆಗೆ ಪತ್ರ ಬಂತು. ತಾವು ಕಂಡ ಕಾಳುಗೊಬ್ಬರದ ವಿಧಾನವನ್ನು ಇತರ ಪಟ್ಟಣಗಳೂ ಅನುಸರಿಸಬೇಕೆಂದು ಬಯಸುವುದಾಗಿಯೂ, ಮದ್ದೂರು, ಮಳವಳ್ಳಿ ಕಡೆಯ ಪುರಸಭೆಗಳ ಸದಸ್ಯರು ಬರುವ ಸೋಮವಾರ ಬಂದು ಗುಂಡಿಗಳನ್ನು ನೋಡಿ ಕಲಿತುಕೊಳ್ಳಲಿದ್ದಾರೆಂದೂ ಬರೆದಿದ್ದರು. ತುರ್ತು ಸಭೆ ಸೇರಿತು. ಪತ್ರ ಓದಿದ ಕೂಡಲೇ ಸದಸ್ಯರು ಚಪ್ಪಾಳೆ ತಟ್ಟಿದರು. ಸಭೆಗಳಲ್ಲಿ ನಿದ್ದೆ ಮಾಡುತ್ತಿದ್ದ ಒಬ್ಬ ಹಿರಿಯ ಸದಸ್ಯರು ಆ ಚಪ್ಪಾಳೆಗೆ ಎಚ್ಚರವಾಗಿ, ಏನು ವಿಷಯ ಎಂದು ಪಕ್ಕದವರನ್ನು ಕೇಳಿ ತಿಳಿದುಕೊಂಡರು.

"ಮಳವಳ್ಳಿ ಕಡೆಯೋರು ಬತ್ತಾರಾ? ಅವ್ರು ಹುಳದ್ ಮನೇಲೇ ಹುಟ್ಟಿ ಬೆಳ್ದೋರು ಕಣಪ್ಪ. ಹಿಕ್ಕೆ ನೋಡ್ಬುಟ್ಟು ಹುಳ ಎಷ್ಟ್ ದಿನದ್ದು ಅಂತ್ಲೂ ಹೇಳ್ತಾರೆ" ಎಂದು ಮತ್ತೆ ಕಣ್ಣು ಮುಚ್ಚಿದರು.

ಬೆಂಗಳೂರಿನವರ ಕಣ್ಣಿಗೆ ವಿಜ್ಞಾನವಾಗಿ ಕಂಡದ್ದು ಮಳವಳ್ಳಿಯವರ ಕಣ್ಣಿಗೆ ಏನಾಗಿ ಕಾಣುತ್ತದೆ ಎಂಬುದು ಒಬ್ಬೊಬ್ಬರಿಗೂ ಒಂದೊಂದು ವೇಗದಲ್ಲಿ ಅರ್ಥವಾಗುತ್ತಿತ್ತು. ಪತ್ರಕರ್ತರು ಸ್ವಲ್ಪ ಹೊರಗಿರಬೇಕು ಎಂದು ಅಧ್ಯಕ್ಷರು ವಿನಂತಿ ಮಾಡಿದರು. ನಾನು ಹೊರಗೆ ಹೋಗಿ ಗಾಜಿಲ್ಲದ ಕಿಟಕಿಯ ಪಕ್ಕ ನಿಂತೆ. ಸೋಮವಾರದೊಳಗೆ ಗುಂಡಿ ಖಾಲಿಯಾಗಬೇಕು ಎಂಬ ಮಾತು ಅಲ್ಲಿಗೂ ಕೇಳಿಸಿತು.

ಅದೇ ಮಧ್ಯಾಹ್ನ ಅಧ್ಯಕ್ಷರು ನಮ್ಮ ಮನೆಗೆ ಬಂದರು, ನಡೆದುಕೊಂಡು. ಅವ್ವ ಕೊಟ್ಟಿಗೆಯಲ್ಲಿ ಎಮ್ಮೆಗೆ ಹುಲ್ಲು ಹಾಕುತ್ತಿದ್ದಳು. ಅವರು ಮೊದಲು ಮಗಳ ಬಾಣಂತನ ವಿಚಾರಿಸಿದರು, ಎಮ್ಮೆಯ ಬೆನ್ನು ಸವರಿದರು, ಆಮೇಲೆ ವಿಷಯಕ್ಕೆ ಬಂದರು. ದೊಡ್ಡವ್ವನ ಗೊಬ್ಬರ ದೊಡ್ಡವ್ವನಿಗೇ ಸೇರಬೇಕು ಎಂದು ಸಭೆ ಮನಸ್ಸು ಮಾಡಿದೆ, ನಾಳೆಯೇ ತಂದು ಮೊದಲಿದ್ದ ಜಾಗಕ್ಕೆ ಸುರಿಸುತ್ತೇನೆ ಎಂದರು.

"ಆ ಜಾಗುಕ್ ಬ್ಯಾಡ" ಎಂದಳು ಅವ್ವ. "ಸುಣ್ಣ ಹಾಕಿ ಸುದ್ಧ ಮಾಡಿದ್ದೀರ. ನೆಟ್ಗೆ ಗದ್ದೆಗೆ ಹೊಡ್ಸು."

"ಗದ್ದೆ ಎರಡ್ ಮೈಲಿ ಆಯ್ತದೆ ದೊಡ್ಡವ್ವ. ಪುರಸಭೆ ಎತ್ತು ನಿಂಗೇ ಗೊತ್ತಲ್ಲ, ಒಂದು ಕುಂಟ್ತದೆ."

"ತಕ್ಕೊಂಡೋಗ್ವಾಗ ನಾಕ್ ಕಾಲೂ ಇದ್ವಲ್ಲ."

ಅಧ್ಯಕ್ಷರು ಎಮ್ಮೆಯ ಬೆನ್ನನ್ನು ಮತ್ತೊಮ್ಮೆ ಸವರಿದರು.

"ಒಂದೇ ಕಡೆ ಸುರ್ದು ಓಗೋದಲ್ಲ. ಹನ್ನೆಲ್ಡ್ ಗುಡ್ಡೆ ಮಾಡಿ ಹಾಕ್ಬೇಕು. ನೀರ್ ಬರಕ್ ಮುಂಚೆ."

ಅಧ್ಯಕ್ಷರು ಒಪ್ಪಿದರು. ಹೊರಡುವಾಗ, ಇದನ್ನೆಲ್ಲ ಯಾರ ಮುಂದೆಯೂ ಆಡಬಾರದು ಎಂದು ತಗ್ಗಿದ ದನಿಯಲ್ಲಿ ಕೇಳಿಕೊಂಡರು.

"ನಾನ್ ಏಳ್ದಾಗ ಯಾರ್ ಕೇಳುದ್ರಿ, ಈಗ್ ಏಳಕ್ಕೆ?" ಎಂದು ಅವ್ವ ಹುಲ್ಲಿನ ಕಡೆ ತಿರುಗಿದಳು.

ಮುಂದಿನ ಎರಡು ದಿನ ಪುರಸಭೆಯ ಗಾಡಿಗಳು ಕೆರೆಯ ಹಿಂದಿನಿಂದ ನಾಲೆ ಬಯಲಿಗೆ ಓಡಾಡಿದವು. ಅವ್ವ ಬದುವಿನ ಮೇಲೆ ನಿಂತು ಗುಡ್ಡೆ ಎಲ್ಲೆಲ್ಲಿ ಬೀಳಬೇಕೆಂದು ಕೋಲಿನಿಂದ ತೋರಿಸಿದಳು. ಹೋದದ್ದು ಆರು ಗಾಡಿ, ಬಂದದ್ದು ಏಳು. ಗುಂಡಿಯ ತಳದ ಮಣ್ಣನ್ನೂ ಕೆರೆದು ತಂದಿದ್ದರು. ಪುರಸಭೆ ಯಾರಿಗಾದರೂ ಕೊಡಬೇಕಾದದ್ದಕ್ಕಿಂತ ಹೆಚ್ಚು ಕೊಟ್ಟದ್ದು ನಾನು ಕಂಡಂತೆ ಅದೊಂದೇ ಸಲ. ಶನಿವಾರದ ಹೊತ್ತಿಗೆ ಗೊಬ್ಬರ ಹರಡಿ ಆಯಿತು. ಭಾನುವಾರ ನಾಲೆಗೆ ನೀರು ಬಂತು.

ಸೋಮವಾರ ಬಂದ ಅತಿಥಿಗಳಿಗೆ ಎರಡು ಬೋರ್ಡು ಮತ್ತು ಎರಡು ಖಾಲಿ ಗುಂಡಿಗಳನ್ನು ತೋರಿಸಲಾಯಿತು. ಅಕಾಲಿಕ ಮಳೆಯಿಂದ ಗೊಬ್ಬರ ಸಂಪೂರ್ಣ ಕೊಚ್ಚಿಹೋಯಿತು ಎಂದು ಆರೋಗ್ಯ ನಿರೀಕ್ಷಕರು ವಿವರಿಸಿದರು. ಆಷಾಢದ ಗಾಳಿ ಧೂಳೆಬ್ಬಿಸಿಕೊಂಡು ಬೀಸುತ್ತಿತ್ತು. ಮಳವಳ್ಳಿ ಕಡೆಯ ಒಬ್ಬರು ಗುಂಡಿಯ ಅಂಚಿನಿಂದ ಎರಡು ಕಪ್ಪು ಕಾಳು ಹೆಕ್ಕಿ ನೋಡಿ, ಏನೂ ಹೇಳದೆ ಕೆಳಗೆ ಬಿಟ್ಟು ಕೈ ಒರೆಸಿಕೊಂಡರು. ಅವರೂ ಒಂದು ಪುರಸಭೆ ನಡೆಸುವವರು. ಎಲ್ಲರೂ ಮದ್ದೂರಿನಿಂದ ತರಿಸಿದ್ದ ವಡೆ ತಿಂದು, ಕಾಫಿ ಕುಡಿದು, ಬಹಳ ಕಲಿತೆವು ಎಂದು ಹೇಳಿ ಹೋದರು. ಸಂಜೆಯ ಸಭೆಯಲ್ಲಿ ಮಳೆಯ ಬಗ್ಗೆ ವಿಷಾದದ ನಿರ್ಣಯ ಅಂಗೀಕಾರವಾಯಿತು. ಅಧ್ಯಕ್ಷರು ನನ್ನ ಕುರ್ಚಿಯ ಕಡೆ ನೋಡಿದರು.

ನನ್ನ ನೋಟ್‌ಬುಕ್ಕಿನಲ್ಲಿ ಎಲ್ಲವೂ ಇತ್ತು. ಆರು ಗಾಡಿ, ಏಳು ಗಾಡಿ, ಕಿಟಕಿಯ ಹೊರಗಿನಿಂದ ಕೇಳಿದ ಮಾತು, ನೋಡಿದ ಮಳೆಯಿಲ್ಲದ ಆಕಾಶ. ಒಂದೂ ಅಂದುಕೊಂಡದ್ದಲ್ಲ. ಬರೆದಿದ್ದರೆ ಒಳ್ಳೆಯ ವರದಿಯಾಗುತ್ತಿತ್ತು. ಆದರೆ ಆ ಗೊಬ್ಬರ ಪುರಸಭೆಯದು ಎಂದು ಅಚ್ಚಿನಲ್ಲಿ ಸಾರಿದವನು ನಾನೇ. ಆ ರೆಕಾರ್ಡು ಫೈಲಿನಲ್ಲಿ ಭದ್ರವಾಗಿತ್ತು. ಈಗ ನಾನು ನಿಜ ಬರೆದರೆ ವಿಚಾರಣೆಗೆ ಬರುವವರು ಮೊದಲು ಹೋಗುವುದು ಅಧ್ಯಕ್ಷರ ಮನೆಗಲ್ಲ, ಅವ್ವನ ಗದ್ದೆಗೆ. ಸಾರ್ವಜನಿಕ ಗೊಬ್ಬರ ಸಿಕ್ಕುವುದು ಅವಳ ಕೆಸರಿನಲ್ಲಿ. 'ಮಳೆಯಿಂದ ಕಾಂಪೋಸ್ಟ್ ಕೊಚ್ಚಿಹೋಗಿದೆ ಎಂದು ಸಭೆಯಲ್ಲಿ ತಿಳಿಸಲಾಯಿತು' ಎಂದು ಒಂದು ವಾಕ್ಯ ಬರೆದು ಬಸ್ಸಿನಲ್ಲಿ ಕಳಿಸಿದೆ. ಸಭೆಯಲ್ಲಿ ತಿಳಿಸಿದ್ದು ನಿಜ. ಉಪಸಂಪಾದಕರು ಅದಕ್ಕೂ ಒಂದು ಅಕ್ಷರ ತಿದ್ದಲಿಲ್ಲ.

ಪೇಪರು ಬಂದ ದಿನ ಅವ್ವ ಗದ್ದೆಯಿಂದ ಮೊಣಕಾಲವರೆಗೆ ಕೆಸರು ಮಾಡಿಕೊಂಡು ಬಂದಳು. ಏನು ಬರೆದಿದ್ದೀಯ, ಓದು ಎಂದಳು. ಓದಿದೆ.

"ಮಳೆ ಬಂದಿತ್ತಂತಾ?"

"ಬಂದಿತ್ತು ಅಂತ ಸಭೇಲಿ ಹೇಳಿದ್ರು ಅವ್ವ."

ಅವಳು ಕಾಲಿನ ಕೆಸರನ್ನು ಜಗುಲಿಯ ಅಂಚಿಗೆ ಒರೆಸಿದಳು.

"ಬರ್ಲಿ ಬುಡು" ಎಂದಳು. ಮಾರನೆಯ ದಿನ ನಾಟಿ ಹಾಕುವ ಹೆಂಗಸರು ಎಂಟು ಜನ ಬರುವವರಿದ್ದರು. ಮುದ್ದೆಗೆ ರಾಗಿ ಹಿಟ್ಟು ಸಾಲುತ್ತದೋ ಇಲ್ಲವೋ ನೋಡಲು ಒಳಗೆ ಹೋದಳು.